ಆರೂಕಾಲಿನ ಕೂಗು

ಮೈಸೂರಿನಲ್ಲಿ ಮನೆ ನೋಡಲು ಹೋದವರು ಬಾಯಿ ಬಿಡುವುದಿಲ್ಲ. ಮನಸ್ಸಿಟ್ಟು ಆಡಿದ ಮಾತನ್ನು ಗೋಡೆಗಳು ಹಿಡಿದಿಟ್ಟುಕೊಂಡು, ದಿನವೂ ಅದೇ ಹೊತ್ತಿಗೆ ವರ್ಷಗಟ್ಟಲೆ ನುಡಿಯುತ್ತವೆ. ಹಾಗಾಗಿ ಕಿವಿಗೊಟ್ಟು ನಿಂತೇ ಬಡಾವಣೆ ಆರಿಸಬೇಕು. ರೈಲ್ವೆ ಗೇಟಿನಾಚೆ ಯಾರದೋ ಜಗಳ, ಕೆರೆಯ ಪಕ್ಕ ಯಾರದೋ ಅಳು. ನಮ್ಮ ಹಳೇ ಮನೆಯಲ್ಲಿ ನಾಲ್ಕೂವರೆಗೆ, "ಅಮ್ಮಾ, ಬಂದೆ!" ಎನ್ನುವ ಲಿಖಿತಾಳ ದನಿ.

ಮಗಳು ತೀರಿಕೊಂಡು ಎರಡು ವರ್ಷವಾಯಿತು. ಆ ದನಿಯನ್ನು ದಿನವೂ ಕೇಳಲಾರದೆಯೇ ನಾವು ಬೇರೆ ಮನೆ ಹುಡುಕುತ್ತಿದ್ದೆವು.

ಬ್ರೋಕರ್ ಇಲಿಯಾಸ್ ಹೊಸ ಬಡಾವಣೆಗೆ ಕರೆತಂದ. ಅಲ್ಲಿನ ಗೋಡೆಗಳಿಗೆ ಇನ್ನೂ ಯಾರ ಮಾತೂ ಬಿದ್ದಿರಲಿಲ್ಲ. ಶಾಲೆ ಹತ್ತಿರವಿದೆ ಎಂದು ಅವನು ದಾರಿಯಲ್ಲಿ ಹೇಳಲಿಲ್ಲ, ಪುಣ್ಯಾತ್ಮ. ತುಟಿಗೆ ಬೆರಳಿಟ್ಟು ಬೀಗ ತೆಗೆದ.

ಚಿಕ್ಕ ಕೋಣೆಯ ಕಿಟಕಿಯಲ್ಲಿ ಸಂಪಿಗೆ ಮರ ಕಂಡದ್ದೇ, ನಮ್ಮ ಯಜಮಾನರು ಮೈಮರೆತು ಕೂಗಿಬಿಟ್ಟರು: "ಲಿಖೀ, ಬಾ ಮಗಾ, ನಿನ್ ರೂಮ್ ನೋಡು!"

ಕೂಗಿದವರೇ ಬಾಯಿ ಮುಚ್ಚಿಕೊಂಡರು.

ಇಲಿಯಾಸ್ ಗಡಿಯಾರ ನೋಡಿಕೊಂಡ. "ಆರೂಕಾಲು. ಇನ್ಮೇಲೆ ದಿನಾ ಇದೇ ಟೈಮಿಗೆ ಕೂಗುತ್ತೆ ಅಕ್ಕಾ. ಬಿಡಿ, ಹಿಂದಿನ ರೋಡಲ್ಲಿ ಇನ್ನೊಂದು ಮನೆ ಇದೆ."

ನಾವು ಕೊಳ್ಳದಿದ್ದರೂ ಇವರ ದನಿ ಇಲ್ಲಿ ದಿನವೂ ಮಗಳನ್ನು ಕರೆಯುತ್ತಲೇ ಇರುತ್ತದೆ. ಓಗೊಡುವವರು ಯಾರೂ ಇರುವುದಿಲ್ಲ.

"ಇದೇ ಇರ್ಲಿ ಬಿಡಪ್ಪ," ಎಂದೆ.

ಆಮೇಲೆ ಆ ಕೋಣೆಯ ಗೋಡೆಗೆ ಮುಖವಿಟ್ಟು, ಅವಳು ಹೇಳುತ್ತಿದ್ದ ಹಾಗೆಯೇ, ದನಿಯನ್ನು ಎಳೆಯದಾಗಿಸಿಕೊಂಡು ಹೇಳಿದೆ:

"ಬಂದೆ, ಅಪ್ಪಾ!"