ಕೊನೆಯ ಮಿರ್ಚಿ

ಮಹಾನಂದಾ ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಹರಿಹರದ ಫಿಜಾ ಅವಳ ಕೈಯಲ್ಲಿದ್ದ ಕೊನೆಯ ಮಿರ್ಚಿ ಬಜ್ಜಿಯನ್ನು ಕಿತ್ತುಕೊಂಡೇ ಬಿಟ್ಟಳು. ಹಾಸ್ಟೆಲ್ ಕೋಣೆಯಲ್ಲಿ ಪೇಪರ್ ಹಾಸಿ, ಮಂಡಕ್ಕಿ ರಾಶಿಯ ಸುತ್ತ ಕೂತಿದ್ದ ಹುಡುಗಿಯರೆಲ್ಲ ಫಿಜಾಳತ್ತ ತಿರುಗಿದರು. "ಏ ಫಿಜಾ, ಬುದ್ಧಿ ಐತೇನೆ ನಿಂಗೆ? ಪಾಪ, ಆಕಿದು ಅದು!" ಎಂದು ಭವ್ಯಾ ಗದರಿದಳು.

ಆ 'ಪಾಪ' ಕೇಳಿ ಕೇಳಿಯೇ ಮಹಾನಂದಾಳಿಗೆ ಸಾಕಾಗಿ ಹೋಗಿತ್ತು. ಕೃಷ್ಣೆಯ ನೆರೆಯಲ್ಲಿ ಊರೂ ಕಾಲೇಜೂ ಮುಳುಗಿದ ಮೇಲೆ ದಾವಣಗೆರೆಯ ವಿಶ್ವವಿದ್ಯಾಲಯ ಅವಳನ್ನು ಕರೆದು ಸೀಟು ಕೊಟ್ಟಿತ್ತು, ಹಾಸಿಗೆ ಕೊಟ್ಟಿತ್ತು, ಪುಸ್ತಕವನ್ನೂ ಕೊಟ್ಟಿತ್ತು. ಬಿಸಿನೀರಿನ ಸಾಲಿನಲ್ಲಿ ಎಲ್ಲರೂ ಅವಳನ್ನೇ ಮುಂದೆ ಬಿಡುತ್ತಿದ್ದರು. ಮಂಡಕ್ಕಿಯನ್ನು ಕೂಡ ಅವಳಿಗೊಬ್ಬಳಿಗೇ ಬೇರೆ ತಟ್ಟೆಯಲ್ಲಿ ಹಾಕಿಕೊಡುತ್ತಿದ್ದರು. ಅವಳೂ ನೆಂಟರ ಮನೆಗೆ ಬಂದವಳ ಹಾಗೆ ಮುದುರಿ ಕೂತು, "ಥ್ಯಾಂಕ್ಸ್" ಬಿಟ್ಟರೆ ಬೇರೆ ಮಾತೇ ಆಡಿರಲಿಲ್ಲ.

ಫಿಜಾಳ ಮುಖ ಸಣ್ಣದಾಯಿತು. "ಸಾರಿ ಕಣೆ. ನೀನು ನೆರೆಯಿಂದ ಬಂದಾಕಿ ಅನ್ನೋದೇ ಮರ್ತು ಹೋಗಿತ್ತು ನಂಗೆ. ತಗಾ," ಎಂದು ಮಿರ್ಚಿ ಚಾಚಿದಳು.

ಮರೆತು ಹೋಗಿತ್ತಂತೆ! ಮಹಾನಂದಾಳಿಗೆ ಒಳಗಿನಿಂದಲೇ ನಗು ಉಕ್ಕಿತು. ತನ್ನ ತಟ್ಟೆಯ ಮಂಡಕ್ಕಿಯನ್ನು ಎಲ್ಲರ ರಾಶಿಗೆ ಸುರುವಿದಳು. ದುಪಟ್ಟಾ ಸೊಂಟಕ್ಕೆ ಬಿಗಿದು ಫಿಜಾಳ ಎದುರಿಗೇ ಮಂಡಿಯೂರಿದಳು.

"ನೀ ಕೊಟ್ಟರ ನನಗ ಬ್ಯಾಡ. ಗಟ್ಟಿಯಾಗಿ ಹಿಡ್ಕೋ, ಕಸಗೊಂಡ ತಿಂತೀನಿ!"