ಕೈಲಾಸಕ್ಕೆ ಹೊರಟ ಹೆಬ್ಬಾತು

ಆ ಊರಿನಲ್ಲಿ ತೀರಿಹೋದವರು ಒಂದು ಚಳಿಗಾಲ ಹೆಬ್ಬಾತುಗಳಾಗಿ ಕೆರೆಯಲ್ಲಿದ್ದು, ಆಮೇಲೆ ಹಿಮಾಲಯ ದಾಟಿ ಕೈಲಾಸ ಸೇರುತ್ತಿದ್ದರು. ಎಲ್ಲರಿಗೂ ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ಕಾಲು. ಆದರೂ ಶಾಂತವ್ವ ತನ್ನ ಗಂಡನನ್ನು ನಡಿಗೆಯ ಠೀವಿಯಿಂದಲೇ ಗುರುತಿಸಿದ್ದಳು. ಹೊಟ್ಟೆ ಭಾರವಾದರೆ ಬೆಟ್ಟ ದಾಟಲಾಗದೆಂದು ಹೊರಡುವ ದಿನ ಯಾರೂ ಕಾಳು ಹಾಕುತ್ತಿರಲಿಲ್ಲ. ಅಂದು ಶಾಂತವ್ವ ಉಡಿ ತುಂಬ ಶೇಂಗಾ ತಂದಳು.

"ಅತ್ತಿ, ಮಾವಾರನ್ನ ಇಲ್ಲೇ ಕಟ್ಟಿ ಹಾಕ್ತೀರೇನು?" ಎಂದಳು ಸೊಸೆ ನೀಲವ್ವ.

"ಇನ್ನೊಂದು ವರ್ಷ ಇರಲಿ ಬಿಡವಾ."

"ಬ್ಯಾಸಗ್ಯಾಗ ಕೆರಿ ಬತ್ತತೈತಿ. ಆವಾಗ ಅವರು ಎಲ್ಲಿಗೆ ಹೋಗಬೇಕು?"

ಮಂಜಿನೊಳಗಿಂದ ಗಂಡ ತೇಲುತ್ತ ಬಂದು ಉಡಿಯತ್ತ ಕೊಕ್ಕು ಚಾಚಿದ. ಶಾಂತವ್ವ ಸೆರಗನ್ನು ಬಿಗಿಯಾಗಿ ಮುಚ್ಚಿ ಹಿಡಿದಳು.

"ಇವತ್ತ ಹಸಗೊಂಡ ಹೋಗ್ರಿ," ಎಂದು ಗದರಿದಳು. "ಊಟಾ ಶಿವನ ಮನ್ಯಾಗೈತಿ."