ಪರಿಮಳದ ಸೋಪು

ಮಾರ್ಚ್ 14, ಬೆಳಿಗ್ಗೆ 10 ಗಂಟೆ 20 ನಿಮಿಷ. ನೆರವು ಸಂಸ್ಥೆಯ ಸಮೀಕ್ಷಕಿ ನಿರ್ದೇಶಕಿಯ ಮೇಜಿನ ಮೇಲೆ ತೂಕದ ಯಂತ್ರವಿಟ್ಟು, ಮನೆಯೊಂದರಿಂದ ತಂದ ಸೋಪನ್ನು ತೂಗಿದಳು. ಕೈ ತೊಳೆಯಲೆಂದು ಸಂಸ್ಥೆ ಆ 100 ಗ್ರಾಂ ಸೋಪನ್ನು ಮನೆಮನೆಗೆ ಹಂಚಿ ಎರಡು ತಿಂಗಳಾಗಿತ್ತು. ತೂಕ 99 ಗ್ರಾಂ.

"ಎಲ್ಲರೂ ಕೈ ತೊಳೀತಿದ್ದಾರೆ ಅಂತ ವರದೀಲಿ ಬರೆದಾಗಿದೆಯಲ್ಲಮ್ಮಾ! ನಾಳೆ ಕಳಿಸಬೇಕು."

"ಕೇಳಿದ್ರೆ ಹಾಗೇ ಹೇಳ್ತಾರೆ ಮೇಡಂ, ತೂಗಿದ್ರೆ ಇಷ್ಟೇ. ನಲವತ್ತು ಮನೇಲಿ ಮೂವತ್ತೊಂದು ಮನೆಯವರು ಘಮಘಮ ಅನ್ನುತ್ತೆ ಅಂತ ಬಟ್ಟೆ ಮಧ್ಯೆ ಇಟ್ಕೊಂಡಿದ್ದಾರೆ." ತನ್ನ ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು.

ನಿರ್ದೇಶಕಿ ಹುಬ್ಬು ಗಂಟಿಕ್ಕಿಕೊಂಡೇ ಎದ್ದು, ಬೀರು ತೆರೆದು, ತಮ್ಮ ಶಾಲಿನ ಮಡಿಕೆಯೊಳಗೆ ಕೈಹಾಕಿದರು. ತಿರುಗಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ವರದಿ ತಿದ್ದಮ್ಮ. ಮೂವತ್ತೆರಡು ಅಂತ ಬರಿ," ಎನ್ನುತ್ತ ಅದೇ ಬಗೆಯ ಸೋಪೊಂದನ್ನು ಯಂತ್ರದ ಮೇಲಿಟ್ಟರು. ತೂಕ 100 ಗ್ರಾಂ.